ಗಣಕಶಾಸ್ತ್ರದ ಮೊದಲ ಪಾಠಗಳು

ನಮ್ಮ ಹಳೆಯ ವಿದ್ಯಾರ್ಥಿನಿಯರು ಈ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡಾಗ ತಾವು ಇಲ್ಲಿ ಕಲಿತ ಸಂಗೀತ, ಹೊಲಿಗೆ, ವ್ಯಾಕರಣಗಳ ಸ್ಮರಣೆಯನ್ನು ನಿರೀಕ್ಷಿಸುವರೇ ಹೊರತು ಗಣಕಯಂತ್ರದ ಮಾತನ್ನಲ್ಲ. ಆದರೂ ಆ ವಿಷಯವನ್ನೇ ನಾವು ಆರಿಸಿಕೊಂಡಿರುವೆವು. ಏಕೆಂದರೆ ಇತ್ತೀಚಿನ ವರ್ಷಗಳಲ್ಲಿ ಮಗಳನ್ನು ಸೇರಿಸಲು ಬರುವ ತಂದೆತಾಯಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ನಮ್ಮ ಹುಡುಗಿಗೆ ಕಂಪ್ಯೂಟರ್ ಕಲಿಸುತ್ತೀರಾ?" ಈ ಪ್ರಶ್ನೆಗೆ ಹೌದೆಂದು ಉತ್ತರ ಕೊಡುವುದು ಸುಲಭ. ಕಲಿಸುವುದು ಏನನ್ನು, ಏತಕ್ಕಾಗಿ, ಎಂಬುದನ್ನು ವಿವರಿಸುವುದು ಅಷ್ಟು ಸುಲಭವಲ್ಲ. ಆ ವಿವರಣೆಗೆ ಈ ಲೇಖನವು ಮೀಸಲಾಗಿದೆ.

ಮೊದಲು ನಮ್ಮ ತಪ್ಪನ್ನು ನಾವೇ ಒಪ್ಪಿಕೊಳ್ಳುವುದು ಯುಕ್ತ. ಬಹುಕಾಲ ನಾವು ಕಲಿಸಿದ್ದು ಯಂತ್ರದ ಅಂಗಗಳ ಹೆಸರುಗಳನ್ನು. ಇದು ಪರದೆ, ಇದು ಕೀಲಿಮಣೆ, ಇದು ಮೌಸ್ ಎಂದು ಮಕ್ಕಳು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆದರು. ಒಂದು ಆಷಾಢದ ಮಧ್ಯಾಹ್ನ, ನಮ್ಮ ಬಸರೀಕಟ್ಟೆಯ ಮಳೆ ಎಂದಿನಂತೆ ಹೊಡೆಯುತ್ತಿರಲು, ವಿದ್ಯುತ್ತು ನಿಂತು ಪರದೆಗಳೆಲ್ಲ ಕಪ್ಪಾದುವು. ಆಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಇದಕ್ಕೆ ಕನ್ನಡ ಗೊತ್ತುಂಟಾ? ಗೊತ್ತಿಲ್ಲದಿದ್ದರೆ ನಾನು ಒತ್ತಿದ್ದು 'ಕ' ಅಂತ ಅದಕ್ಕೆ ಹೇಗೆ ತಿಳಿಯಿತು?" ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಅಂಗಗಳ ಹೆಸರನ್ನು ಹೇಳಿಕೊಟ್ಟ ನಾವು ಅದರ ಅಂತರಂಗವನ್ನು ತಿಳಿಸಿರಲಿಲ್ಲವೆಂಬುದು ಅಂದು ಮನವರಿಕೆಯಾಯಿತು. ಆ ಮಗುವಿನ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೊರಟಾಗ ನಮಗೆ ದೊರೆತ ಪಾಠಗಳನ್ನೇ ಇಲ್ಲಿ ನಿವೇದಿಸುವೆವು. ವಿಶೇಷವೇನೆಂದರೆ, ಇವುಗಳಲ್ಲಿ ಯಾವುದಕ್ಕೂ ವಿದ್ಯುತ್ತು ಬೇಕಾಗಿಲ್ಲ.

ಗಣಕವೆಂದರೇನು?

'ಗಣಕ' ಎಂಬ ಶಬ್ದವು ಹೊಸದಲ್ಲ. ಲೆಕ್ಕ ಮಾಡುವವನಿಗೆ, ಜ್ಯೋತಿಷದ ಗಣಿತವನ್ನು ಬಲ್ಲವನಿಗೆ ಹಿಂದಿನಿಂದಲೂ ಆ ಹೆಸರಿತ್ತು. ಇಂಗ್ಲಿಷಿನ 'ಕಂಪ್ಯೂಟರ್' ಎಂಬ ಮಾತೂ ಮೊದಲು ಮನುಷ್ಯರಿಗೇ ಸಲ್ಲುತ್ತಿತ್ತು. ಖಗೋಳ ಮಂದಿರಗಳಲ್ಲಿಯೂ ಸೈನ್ಯದ ಕಚೇರಿಗಳಲ್ಲಿಯೂ ಕುಳಿತು ದಿನವಿಡೀ ಲೆಕ್ಕ ಹಾಕುತ್ತಿದ್ದವರನ್ನು ಹಾಗೆ ಕರೆಯುತ್ತಿದ್ದರು. ಅವರಲ್ಲಿ ಸ್ತ್ರೀಯರು ಬಹುಮಂದಿ. ಯಂತ್ರವು ಬಂದು ಅವರ ಕೆಲಸವನ್ನೂ ಹೆಸರನ್ನೂ ಒಟ್ಟಿಗೆ ವಹಿಸಿಕೊಂಡಿತು.

ಈ ಯಂತ್ರವು ಮಾಡುವುದು ನಾಲ್ಕೇ ಕೆಲಸ: ಕೊಟ್ಟದ್ದನ್ನು ತೆಗೆದುಕೊಳ್ಳುವುದು, ನೆನಪಿನಲ್ಲಿಡುವುದು, ಹೇಳಿದ ಕ್ರಮದಲ್ಲಿ ಅದನ್ನು ಮಾರ್ಪಡಿಸುವುದು, ಫಲವನ್ನು ಹಿಂದಕ್ಕೆ ಕೊಡುವುದು. ಅದರ ವೇಗವು ಆಶ್ಚರ್ಯಕರವಾದುದಾದರೂ ತಾನಾಗಿ ಅದಕ್ಕೆ ಏನೂ ತಿಳಿಯದು. ಆದುದರಿಂದ ಗಣಕಶಾಸ್ತ್ರದ ಮೂಲದಲ್ಲಿರುವುವು ಎರಡೇ ಪ್ರಶ್ನೆಗಳು. ಲೋಕದ ವಿಷಯಗಳನ್ನು ಯಂತ್ರವು ಹಿಡಿಯಬಲ್ಲ ಚಿಹ್ನೆಗಳಲ್ಲಿ ಬರೆಯುವುದು ಹೇಗೆ? ಮಾಡಬೇಕಾದ ಕೆಲಸವನ್ನು ಸಂದೇಹಕ್ಕೆಡೆಯಿಲ್ಲದ ಹೆಜ್ಜೆಗಳಾಗಿ ವಿಂಗಡಿಸುವುದು ಹೇಗೆ?

ಮೊದಲನೆಯ ಪಾಠ: ಎರಡೇ ಚಿಹ್ನೆಗಳು

ತಂತಿಯಲ್ಲಿ ವಿದ್ಯುತ್ತು ಇದೆ ಅಥವಾ ಇಲ್ಲ. ದೀಪವು ಉರಿಯುತ್ತಿದೆ ಅಥವಾ ಆರಿದೆ. ಈ ಎರಡು ಸ್ಥಿತಿಗಳನ್ನು ತಪ್ಪಿಲ್ಲದೆ ಗುರುತಿಸುವುದು ಸುಲಭ. ಹತ್ತು ಅಂಕೆಗಳಿಗೆ ಹತ್ತು ಬಗೆಯ ಪ್ರಮಾಣಗಳನ್ನಿಟ್ಟರೆ ಅವು ಒಂದರೊಡನೊಂದು ಬೆರೆತು ಯಂತ್ರವು ಎಡವುವುದು. ಆದುದರಿಂದಲೇ ಇಂದಿನ ಗಣಕಗಳು 0 ಮತ್ತು 1 ಎಂಬ ಎರಡೇ ಚಿಹ್ನೆಗಳಿಂದ ಸಕಲ ವ್ಯವಹಾರವನ್ನೂ ನಡೆಸುವುವು.

ಎರಡೇ ಚಿಹ್ನೆಗಳಿಂದ ಏನಾದೀತು ಎಂದು ಕೇಳುವವರಿಗೆ ನಮ್ಮ ಕನ್ನಡ ಪಾಠದ ಛಂದಸ್ಸೇ ಉತ್ತರ. ಒಂದು ಮಾತ್ರೆಯ ಅಕ್ಷರವು ಲಘು, ಎರಡು ಮಾತ್ರೆಯದು ಗುರು, ಮೂರನೆಯದಿಲ್ಲ. ಮೂರು ಅಕ್ಷರಗಳನ್ನು ಕೂಡಿಸಿದರೆ ಎರಡು, ನಾಲ್ಕು, ಎಂಟು ಎಂದು ಇಮ್ಮಡಿಯಾಗುತ್ತ ಎಂಟು ಗಣಗಳಾಗುವುವು. 'ಯಮಾತಾರಾಜಭಾನಸಲಗಂ' ಎಂಬ ಸೂತ್ರವನ್ನು ಮರೆತ ಹಳೆಯ ವಿದ್ಯಾರ್ಥಿನಿಯು ಇರಲಾರಳು. ಲಘುವಿಗೆ 0, ಗುರುವಿಗೆ 1 ಎಂದಿಟ್ಟುಕೊಂಡರೆ ಗಣಕದ ವರ್ಣಮಾಲೆಯು ಅಲ್ಲಿಯೇ ಸಿದ್ಧವಾಯಿತು. ಏಳು ಸ್ಥಾನಗಳಿಗೆ 128, ಎಂಟಕ್ಕೆ 256, ಹೀಗೆ ಒಂದೊಂದು ಸ್ಥಾನವೂ ಲೆಕ್ಕವನ್ನು ಇಮ್ಮಡಿಗೊಳಿಸುವುದು.

ಈ ಸೂತ್ರದಲ್ಲಿ ಒಂದು ಚಮತ್ಕಾರವಿದೆ. ಮೊದಲಿನಿಂದ ಮೂರು ಮೂರು ಅಕ್ಷರಗಳನ್ನು, ಒಂದೊಂದೇ ಅಕ್ಷರ ಮುಂದೆ ಸರಿಯುತ್ತ, ಓದಿರಿ. 'ಯಮಾತಾ' ಯಗಣ, 'ಮಾತಾರಾ' ಮಗಣ, 'ತಾರಾಜ' ತಗಣ. ಹೀಗೆ ಎಂಟು ಗಣಗಳೂ ಒಂದೊಂದು ಸಲ ಮಾತ್ರ, ಯಾವುದೂ ಬಿಡದೆ, ಬರುವುವು. ಕೊನೆಯ 'ಲಗಂ' ಎಂಬೆರಡಕ್ಷರಗಳು ಮೊದಲಿನ 'ಯಮಾ' ಎಂಬುವುಗಳಂತೆಯೇ ಲಘು ಗುರುಗಳಾದುದರಿಂದ ಅವನ್ನು ಬಿಟ್ಟು ಉಳಿದ ಎಂಟನ್ನು ಹಾರವಾಗಿ ಕಟ್ಟಬಹುದು. ನಮ್ಮ ತರಗತಿಯಲ್ಲಿ ಇದನ್ನು ಆಟವಾಗಿ ಆಡಿಸುವೆವು. ಎಂಟು ಹುಡುಗಿಯರು ವರ್ತುಲವಾಗಿರುವರು. ಕುಳಿತವಳು ಲಘು, ನಿಂತವಳು ಗುರು. ಕ್ರಮವು ಹೀಗೆ: ಕುಳಿತವಳೊಬ್ಬಳು, ನಿಂತವರು ಮೂವರು, ಕುಳಿತವಳೊಬ್ಬಳು, ನಿಂತವಳೊಬ್ಬಳು, ಕುಳಿತವರಿಬ್ಬರು. ಎಲ್ಲಿಂದ ಮೂವರನ್ನು ಎಣಿಸಿದರೂ ಬೇರೆಯೇ ಗಣ! ಇಂತಹ ಮಾಲೆಗಳನ್ನು ಕುರಿತು ಹಾಲೆಂಡಿನ ಗಣಿತಜ್ಞ ದ ಬ್ರೂಯಿನ್ 1946ರಲ್ಲಿ ಪ್ರಬಂಧವನ್ನು ಪ್ರಕಟಿಸಿದನು. ಗಣಕಶಾಸ್ತ್ರವು ಇವುಗಳನ್ನು ಅವನ ಹೆಸರಿನಿಂದಲೇ ಕರೆಯುವುದು.

ಈ ವಿದ್ಯೆಯು ನಮಗೆ ಪರಕೀಯವಲ್ಲ. ಸಂಸ್ಕೃತದಲ್ಲಿ ಪಿಂಗಲನ ಛಂದಶ್ಶಾಸ್ತ್ರವು ಗುರು ಲಘುಗಳ ಎಲ್ಲ ವಿನ್ಯಾಸಗಳನ್ನೂ ಸಾಲಾಗಿ ಬರೆಯುವ 'ಪ್ರಸ್ತಾರ'ವನ್ನು ಬಹು ಪ್ರಾಚೀನಕಾಲದಲ್ಲಿಯೇ ಹೇಳಿತು. ಕನ್ನಡದಲ್ಲಿ ಒಂದನೆಯ ನಾಗವರ್ಮನು ಸುಮಾರು 990ರಲ್ಲಿ 'ಛಂದೋಂಬುಧಿ'ಯನ್ನು ರಚಿಸಿದನು. ಅವನು ಆ ಶಾಸ್ತ್ರವನ್ನು ತನ್ನ ಪತ್ನಿಯನ್ನು ಸಂಬೋಧಿಸಿ ಹೇಳಿರುವನೆಂಬುದು ಹೆಣ್ಣುಮಕ್ಕಳ ಶಾಲೆಯಲ್ಲಿ ಸ್ಮರಣೀಯ. ಆ ಗ್ರಂಥವನ್ನು ಪರಿಷ್ಕರಿಸಿ 1875ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬೆಳಕಿಗೆ ತಂದವರು ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರು.

ಎರಡನೆಯ ಪಾಠ: ಅಕ್ಷರಕ್ಕೊಂದು ಸಂಖ್ಯೆ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಯಂತ್ರಕ್ಕೆ ಕನ್ನಡವು ತಿಳಿಯದು. ಸಂಖ್ಯೆ ಮಾತ್ರ ತಿಳಿಯುವುದು. ಆದುದರಿಂದ ಲೋಕದ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಿರುವರು. ಈ ವ್ಯವಸ್ಥೆಗೆ ಯೂನಿಕೋಡ್ ಎಂದು ಹೆಸರು. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ದೊರೆತುವು. ಅದರಲ್ಲಿ 'ಕ' ಎಂಬ ಅಕ್ಷರದ ಸಂಖ್ಯೆಯು 3221.

ಈ ಸಂಖ್ಯೆಯನ್ನು ಎರಡೇ ಚಿಹ್ನೆಗಳಲ್ಲಿ ಬರೆಯುವ ಬಗೆ ಹೀಗೆ. ನಮ್ಮ ಲೆಕ್ಕದಲ್ಲಿ ಬಿಡಿ, ಹತ್ತು, ನೂರು ಎಂದು ಸ್ಥಾನವು ಹತ್ತುಮಡಿಯಾಗುವಂತೆ ಇಲ್ಲಿ 1, 2, 4, 8, 16 ಎಂದು ಇಮ್ಮಡಿಯಾಗುವುದು. 3221 ಎಂದರೆ 2048, 1024, 128, 16, 4 ಮತ್ತು 1 ಇವುಗಳ ಮೊತ್ತ. ಇರುವ ಸ್ಥಾನಕ್ಕೆ 1, ಇಲ್ಲದುದಕ್ಕೆ 0 ಇಟ್ಟರೆ 110010010101 ಎಂದಾಗುವುದು. ಇದನ್ನು ಮೂರು ಮೂರಾಗಿ ಬಿಡಿಸಿ ಗುರು ಲಘುಗಳಿಂದ ಓದಿದರೆ ತಗಣ, ಜಗಣ, ಜಗಣ, ರಗಣ! ಯಂತ್ರವು ಇದನ್ನು ಸಂಗ್ರಹಿಸುವಾಗ ಬೇರೆ ಕಟ್ಟುಗಳಲ್ಲಿ ಕಟ್ಟಿಡುವುದುಂಟು. ಆದರೆ ಮೂಲತತ್ವವು ಇಷ್ಟೇ. ಹನ್ನೆರಡು ದೀಪಗಳನ್ನು ಈ ಕ್ರಮದಲ್ಲಿ ಹಚ್ಚಿ ಆರಿಸಿದರೆ ಅದೇ 'ಕ'.

ಇನ್ನೂ ಸ್ವಾರಸ್ಯವಾದುದು ಕಾಗುಣಿತ. 'ಕಾ' ಎಂಬುದಕ್ಕೆ ಬೇರೊಂದು ಸಂಖ್ಯೆಯಿಲ್ಲ. 'ಕ'ದ ಮುಂದೆ ದೀರ್ಘದ ಗುರುತಿನ ಸಂಖ್ಯೆಯಾದ 3262 ಬರುವುದು. 'ಅಮ್ಮ' ಎಂಬುದು ಕಣ್ಣಿಗೆ ಎರಡಕ್ಷರ. ಯಂತ್ರದಲ್ಲಿ ನಾಲ್ಕು ಸಂಖ್ಯೆಗಳು: ಅ, ಮ, ಸ್ವರವನ್ನು ಕಳೆಯುವ ಗುರುತು, ಮತ್ತೆ ಮ. ಒತ್ತಕ್ಷರದ ಆಕಾರವನ್ನು ಬರೆಯುವುದು ಅಚ್ಚಿನ ಮೊಳೆಯ ಸ್ಥಾನದಲ್ಲಿರುವ ಫಾಂಟಿನ ಕೆಲಸ. ನೆನಪಿನಲ್ಲಿ ಉಳಿಯುವುದು ವ್ಯಾಕರಣವು ಹೇಳಿದ ಕ್ರಮವೇ. ವ್ಯಾಕರಣವನ್ನು ಚೆನ್ನಾಗಿ ಕಲಿತವಳಿಗೆ ಈ ಪಾಠವು ಅರ್ಧ ಬಂದಂತೆಯೇ ಸರಿ.

ಇದರಿಂದ ಪ್ರಯೋಜನವೇನೆಂದು ಕೇಳುವ ತಂದೆತಾಯಿಗಳಿಗೆ ನಾವು ಕಂಡ ಸಂಗತಿಯೊಂದನ್ನು ಹೇಳುವೆವು. ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಬರಬೇಕಾದ ವಿದ್ಯಾರ್ಥಿವೇತನವು ತಿಂಗಳುಗಟ್ಟಲೆ ನಿಂತುಹೋಯಿತು. ತಂದೆ ತೋಟದ ಕೂಲಿಯನ್ನು ಬಿಟ್ಟು ಮೂರು ಸಲ ಪೇಟೆಗೆ ಅಲೆದನು. ಕಡೆಗೆ ತಿಳಿದುಬಂದುದು: ಒಂದು ದಾಖಲೆಯಲ್ಲಿ ಅವಳ ಹೆಸರು ಹ್ರಸ್ವದಿಂದಲೂ ಇನ್ನೊಂದರಲ್ಲಿ ದೀರ್ಘದಿಂದಲೂ ಮುಗಿದಿತ್ತು. 'ಸುಶೀಲ', 'ಸುಶೀಲಾ' ಎಂಬ ಎರಡನ್ನೂ ಒಬ್ಬಳೇ ಎಂದು ಮನುಷ್ಯನು ತಿಳಿದಾನು. ಬಿಡಿಸಿ ಹೇಳಿದ ಹೊರತು ಯಂತ್ರವು ತಿಳಿಯದು. ಮೊದಲನೆಯದು ಜಗಣ, ಎರಡನೆಯದು ಯಗಣ. ಒಂದು ಸಂಖ್ಯೆ ಹೆಚ್ಚು. ಆದುದರಿಂದ ಬೇರೆ ವ್ಯಕ್ತಿ. ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಲೆಕ್ಕ ಎಲ್ಲವೂ ಗಣಕದೊಳಗಿರುವ ಈ ಕಾಲದಲ್ಲಿ ಇಷ್ಟನ್ನು ತಿಳಿದ ಮಗಳು ಮನೆಗೆ ಆಧಾರವಾಗುವಳು. ತಿಳಿಯದವಳು "ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ" ಎಂಬ ಮಾತಿಗೆ ತಲೆಬಾಗಿ ಹಿಂದಿರುಗುವಳು.

ಮೂರನೆಯ ಪಾಠ: ಹೆಜ್ಜೆಗಳ ಕ್ರಮ

ಕೆಲಸವನ್ನು ಹೆಜ್ಜೆ ಹೆಜ್ಜೆಯಾಗಿ, ಎಲ್ಲಿಯೂ ಸಂದೇಹಕ್ಕೆಡೆಯಿಲ್ಲದಂತೆ, ಒಂದು ಕಡೆ ಮುಗಿಯುವಂತೆ ವಿಧಿಸುವುದಕ್ಕೆ ಕ್ರಮವಿಧಿ ಎನ್ನುವರು. ಇದರಲ್ಲಿ ಮೂರು ಸಂಗತಿಗಳು ಮುಖ್ಯ. ಒಂದಾದಮೇಲೊಂದನ್ನು ಮಾಡುವುದು ಮೊದಲನೆಯದು. 'ಮಳೆ ಬಂದರೆ ಪ್ರಾರ್ಥನೆ ಸಭಾಂಗಣದಲ್ಲಿ, ಇಲ್ಲವಾದರೆ ಅಂಗಳದಲ್ಲಿ' ಎಂಬಂತೆ ಸಂದರ್ಭವನ್ನು ನೋಡಿ ದಾರಿಯನ್ನಾರಿಸುವುದು ಎರಡನೆಯದು. ಮತ್ತೆ ಮತ್ತೆ ಮಾಡುವುದು ಮೂರನೆಯದು. ನಮ್ಮ ಸಂಗೀತ ಪುಸ್ತಕದಲ್ಲಿ ಪಲ್ಲವಿಯನ್ನು ಒಮ್ಮೆ ಮಾತ್ರ ಅಚ್ಚುಹಾಕಿ ಪ್ರತಿ ಚರಣದ ಕೊನೆಗೆ 'ಪಲ್ಲವಿ' ಎಂದಷ್ಟೇ ಸೂಚಿಸಿರುವರಷ್ಟೆ. ಕ್ರಮವಿಧಿಯನ್ನು ಬರೆಯುವವರೂ ಅದೇ ಉಪಾಯವನ್ನು ಅನುಸರಿಸುವರು.

ಛಂದಸ್ಸಿನ 'ನಷ್ಟ'ವೆಂಬ ವಿಧಾನವು ಇದಕ್ಕೆ ಒಳ್ಳೆಯ ನಿದರ್ಶನ. ಪ್ರಸ್ತಾರದ ಆರನೆಯ ಸಾಲು ಅಳಿಸಿಹೋಗಿದೆ. ಅದರಲ್ಲಿ ಯಾವ ಗಣವಿತ್ತು? ಸಂಖ್ಯೆಯು ಸಮವಾದರೆ ಲಘುವನ್ನು ಬರೆದು ಅರ್ಧಮಾಡಿರಿ. ವಿಷಮವಾದರೆ ಗುರುವನ್ನು ಬರೆದು, ಒಂದನ್ನು ಕೂಡಿಸಿ ಅರ್ಧಮಾಡಿರಿ. ಆರು ಸಮ: ಲಘು, ಉಳಿದುದು ಮೂರು. ಮೂರು ವಿಷಮ: ಗುರು, ಒಂದನ್ನು ಕೂಡಿಸಿ ಅರ್ಧಿಸಿದರೆ ಎರಡು. ಎರಡು ಸಮ: ಲಘು. ಮೂರಕ್ಷರಗಳಾದುವು, ಇದು ಜಗಣ. ಪಟ್ಟಿಯನ್ನು ಬರೆಯದೆಯೇ ಉತ್ತರವು ದೊರೆಯಿತು.

ಇನ್ನೊಂದು ನಿದರ್ಶನವು ಕಿಟ್ಟೆಲರ ನಿಘಂಟು. 1894ರಲ್ಲಿ ಪ್ರಕಟವಾದ ಆ ಮಹಾಗ್ರಂಥದಲ್ಲಿ ಸುಮಾರು 70,000 ಶಬ್ದಗಳಿವೆಯೆಂದು ಹೇಳುವರು. ಒಂದು ಶಬ್ದವನ್ನು ಹುಡುಕಲು ಮೊದಲಿನಿಂದ ಓದಬೇಕೆ? ನಡುವೆ ತೆರೆದು ನೋಡಿದರೆ ನಮ್ಮ ಶಬ್ದವು ಹಿಂದಿದೆಯೋ ಮುಂದಿದೆಯೋ ತಿಳಿಯುವುದು. ಅರ್ಧ ನಿಘಂಟನ್ನು ಬಿಟ್ಟುಬಿಡಬಹುದು. ಉಳಿದರ್ಧದ ನಡುವನ್ನು ಮತ್ತೆ ತೆರೆಯಬೇಕು. ಹೀಗೆ ಹದಿನೇಳು ಸಲ ಅರ್ಧಿಸಿದರೆ ಒಂದೇ ಶಬ್ದ ಉಳಿಯುವುದು. ಆದರೆ ಶಬ್ದಗಳು ಅಕಾರಾದಿಯಾಗಿ ಜೋಡಿಸಲ್ಪಟ್ಟಿದ್ದರೆ ಮಾತ್ರ ಇದು ಸಾಧ್ಯ. ಕ್ರಮವಾಗಿ ಇಟ್ಟ ವಸ್ತುವು ಬೇಗ ಸಿಕ್ಕುವುದೆಂಬುದು ಪ್ರತಿ ಗೃಹಿಣಿಯೂ ಬಲ್ಲ ಸತ್ಯ; ಎಷ್ಟು ಬೇಗ ಎಂಬುದನ್ನು ಲೆಕ್ಕದಿಂದ ತೋರಿಸುವುದು ಗಣಕಶಾಸ್ತ್ರ.

ನಾಲ್ಕನೆಯ ಪಾಠ: ತಪ್ಪನ್ನು ತಿದ್ದುವುದು

ಈ ಪಾಠವನ್ನೇ ನಾವು ಎಲ್ಲಕ್ಕಿಂತ ಹೆಚ್ಚೆಂದು ಎಣಿಸುವೆವು. ಇಬ್ಬರು ಹುಡುಗಿಯರನ್ನು ಬೆನ್ನಿಗೆ ಬೆನ್ನು ಕೂರಿಸಿ, ಒಬ್ಬಳ ಕೈಗೆ ಚುಕ್ಕಿಯ ರಂಗೋಲಿಯೊಂದನ್ನು ಕೊಡುವೆವು. ಅವಳು ಬಾಯಿಮಾತಿನಿಂದ ಹೇಳಿದಂತೆ ಇನ್ನೊಬ್ಬಳು ಬರೆಯಬೇಕು. ಕೇಳಿದ್ದನ್ನು ಮಾತ್ರ ಮಾಡಬೇಕು, ಊಹಿಸಬಾರದು. "ಆ ಚುಕ್ಕಿಯಿಂದ ಈ ಚುಕ್ಕಿಗೆ ಗೆರೆ ಎಳೆ" ಎಂದೊಡನೆ ಆಟವು ಕೆಡುವುದು, ಯಾವ ಚುಕ್ಕಿ? ಚಿತ್ರವು ವಕ್ರವಾಗಿ ತರಗತಿಯೆಲ್ಲ ನಗುವುದು. ಆಗ ಸಾಲಿಗೂ ಚುಕ್ಕಿಗೂ ಸಂಖ್ಯೆಯಿಡಬೇಕೆಂಬ ಬುದ್ಧಿಯು ಮಕ್ಕಳಿಗೆ ತಾನಾಗಿ ಹೊಳೆಯುವುದು.

ಇಲ್ಲಿ ಬರೆದವಳನ್ನು ಬೈಯುವಂತಿಲ್ಲ, ದೋಷವು ಸೂಚನೆಯಲ್ಲಿದೆ. ಹೇಳಿದವಳನ್ನೂ ಹಳಿಯುವುದಿಲ್ಲ, ಯಾವ ಹೆಜ್ಜೆಯಲ್ಲಿ ತಪ್ಪಿತೆಂದು ಹುಡುಕಿ ಅದನ್ನು ತಿದ್ದುವೆವು. ಗಣಕಶಾಸ್ತ್ರದಲ್ಲಿ ಇಂತಹ ದೋಷಕ್ಕೆ 'ಬಗ್', ಎಂದರೆ ಕೀಟ, ಎಂದು ಹೆಸರು. ಆ ಮಾತು ಹಳೆಯದೇ. ಆದರೂ 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡಿನ ಗಣಕವೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಕೊಂಡಿತ್ತು. ಅದನ್ನು ದಿನಚರಿಯ ಪುಟಕ್ಕೆ ಅಂಟಿಸಿಟ್ಟರು. ಅಲ್ಲಿ ದುಡಿಯುತ್ತಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆಯು ಈ ಕಥೆಯನ್ನು ಮುಂದೆ ಬಹುಸಲ ಹೇಳಿದರು. ತಪ್ಪಿಗೆ ನಾಚಿ ಪುಸ್ತಕವನ್ನು ಮುಚ್ಚುವ ಹುಡುಗಿಯರೇ ನಮ್ಮಲ್ಲಿ ಹೆಚ್ಚು. ತಪ್ಪೆಂಬುದು ಅವಮಾನವಲ್ಲ, ಹುಡುಕಿ ತೆಗೆಯತಕ್ಕ ಹುಳು ಎಂದು ಅವರು ತಿಳಿದ ದಿನ ಗಣಿತದ ತರಗತಿಯಲ್ಲಿಯೂ ಕೈಯೆತ್ತುವರು. ಇದನ್ನು ನಾವು ಕಣ್ಣಾರೆ ಕಂಡಿರುವೆವು.

ಆಕ್ಷೇಪಗಳಿಗೆ ಸಮಾಧಾನ

ಕೆಲವರು ಇದು ಗಂಡುಮಕ್ಕಳ ವಿದ್ಯೆಯೆನ್ನುವರು. ಚರಿತ್ರೆಯು ಹಾಗೆ ಹೇಳುವುದಿಲ್ಲ. ಗಣಕಕ್ಕಾಗಿ ಬರೆದ ಮೊದಲ ಕ್ರಮವಿಧಿಯೆಂದು ಅನೇಕರು ಎಣಿಸುವುದು 1843ರಲ್ಲಿ ಇಂಗ್ಲೆಂಡಿನ ಏಡಾ ಲವ್‌ಲೇಸ್ ಪ್ರಕಟಿಸಿದ ಟಿಪ್ಪಣಿಯನ್ನು. ಆಕೆ ಅದನ್ನು ಬರೆದಾಗ ಆ ಯಂತ್ರವು ಕಾಗದದ ಮೇಲೆ ಮಾತ್ರ ಇತ್ತು. 1946ರಲ್ಲಿ ಲೋಕಕ್ಕೆ ಪ್ರದರ್ಶಿತವಾದ ಎನಿಯಾಕ್ ಎಂಬ ಮಹಾಯಂತ್ರಕ್ಕೆ ಕೆಲಸವನ್ನು ವಿಧಿಸಿದವರು ಆರು ಮಂದಿ ಸ್ತ್ರೀಯರು. ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1980ರ ಜೂನ್ 18ರಂದು ಲಂಡನಿನಲ್ಲಿ ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಮನಸ್ಸಿನಲ್ಲಿಯೇ ಗುಣಿಸಿ 'ಮಾನವ ಗಣಕ'ವೆಂಬ ಬಿರುದನ್ನು ಸಾರ್ಥಕಗೊಳಿಸಿದರು.

ಇಂಗ್ಲಿಷ್ ಬಾರದವರಿಗೆ ಇದು ಸಾಧ್ಯವೆ ಎಂದು ಇನ್ನು ಕೆಲವರು ಶಂಕಿಸುವರು. ಕ್ರಮವಿಧಿಯನ್ನು ಬರೆಯುವ ಭಾಷೆಗಳಲ್ಲಿ ಇಂಗ್ಲಿಷ್ ಪದಗಳಿರುವುದು ನಿಜ. ಅವನ್ನು ಮುಂದೆ ಕಲಿಯಬೇಕಾಗುವುದೂ ನಿಜ. ಆದರೆ ಮೊದಲು ಬೇಕಾದುದು ವಿಚಾರದ ಕ್ರಮ; ಅದು ತಾಯ್ನುಡಿಯಲ್ಲಿ ನೆಲೆಗೊಂಡಷ್ಟು ಭದ್ರವಾಗಿ ಬೇರೆಲ್ಲಿಯೂ ನೆಲೆಗೊಳ್ಳದು. ನಮ್ಮ ನುಡಿಯನ್ನು ಯಂತ್ರಕ್ಕೆ ಒಗ್ಗಿಸಲು ದುಡಿದವರೂ ದೂರದವರಲ್ಲ. ದಕ್ಷಿಣ ಕನ್ನಡದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದಲೇ ನಮ್ಮ ಮಕ್ಕಳು ಇಂದು ಕನ್ನಡವನ್ನು ಒತ್ತುವರು. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪುರವರ ಪುತ್ರರೂ, ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ನೆಲೆಸಿದ್ದವರೂ ಆದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವವರೆಗೂ ಕನ್ನಡಕ್ಕೆ ಯೋಗ್ಯವಾದ ತಂತ್ರಾಂಶ ಬೇಕೆಂದು ಹೋರಾಡಿದರು.

ಈಗ ಕೈಯಲ್ಲಿರುವ ಫೋನೇ ಕೇಳಿದ ಪ್ರಶ್ನೆಗೆಲ್ಲ ಉತ್ತರ ಹೇಳುವಾಗ ಈ ಪರಿಶ್ರಮವೇಕೆಂಬುದು ಮೂರನೆಯ ಆಕ್ಷೇಪ. ಆ ಉತ್ತರಗಳನ್ನು ಹೇಳುವುದೂ ಗಣಕವೇ. ಅಪಾರವಾದ ಬರಹರಾಶಿಯಿಂದ ಯಾವ ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಗಣಿಸಿ ಅದು ವಾಕ್ಯವನ್ನು ಕಟ್ಟುವುದು. ಉತ್ತರವು ಎಷ್ಟೋ ಸಲ ಸರಿಯಾಗಿರುವುದು. ಕೆಲವು ಸಲ ತಪ್ಪಾಗಿದ್ದರೂ ಅಷ್ಟೇ ಧೈರ್ಯದ ಧ್ವನಿಯಲ್ಲಿರುವುದು. ಅದು ಹೇಗೆ ಕೆಲಸ ಮಾಡುವುದೆಂದು ಅರಿತವಳು ಪರೀಕ್ಷಿಸಿ ನಂಬುವಳು. ಅರಿಯದವಳು ಸುಮ್ಮನೆ ನಂಬುವಳು.

ಉಪಸಂಹಾರ

ನಮ್ಮ ವಿದ್ಯಾರ್ಥಿನಿಯರೆಲ್ಲರೂ ಬೆಂಗಳೂರಿಗೆ ಹೋಗಿ ಗಣಕದ ಉದ್ಯೋಗವನ್ನು ಹಿಡಿಯಬೇಕೆಂಬುದು ನಮ್ಮ ಆಶಯವಲ್ಲ. ಕೆಲವರು ಹೋಗುವರು, ಹಲವರು ಈ ತೋಟ ಗದ್ದೆಗಳ ನಡುವೆಯೇ ಬಾಳುವರು. ಎಲ್ಲಿದ್ದರೂ ಯಂತ್ರದ ಮುಂದೆ ದಿಗಿಲುಗೊಳ್ಳದೆ, ಅದು ಹೇಳಿದ್ದೆಲ್ಲವನ್ನೂ ವೇದವಾಕ್ಯವೆನ್ನದೆ, ತಪ್ಪಿದ ಹೆಜ್ಜೆಯನ್ನು ಹುಡುಕಬಲ್ಲವರಾಗಲಿ ಎಂಬುದೊಂದೇ ಹಾರೈಕೆ.

ತಂದೆತಾಯಿಗಳಲ್ಲಿ ನಮ್ಮ ವಿನಂತಿಯಿಷ್ಟು. ಬೆಲೆಬಾಳುವ ಯಂತ್ರವನ್ನು ಕೊಡಿಸಲಾಗಲಿಲ್ಲವೆಂದು ಕೊರಗಬೇಡಿರಿ. ಸಾಯಂಕಾಲ ದೀಪ ಹೋದಾಗ ಮಗಳು ಎಂಟು ಹುಣಿಸೆಬೀಜಗಳನ್ನೂ ಕಾಳುಗಳನ್ನೂ ಹಾರವಾಗಿ ಜೋಡಿಸುತ್ತ ಕುಳಿತರೆ ಕಾಲಹರಣವೆಂದು ಗದರಿಸಬೇಡಿರಿ. ಅವಳು ಪಾಠವನ್ನು ಓದುತ್ತಿರುವಳು. ಹಳೆಯ ವಿದ್ಯಾರ್ಥಿನಿಯರಲ್ಲಿ ಈ ವಿದ್ಯೆಯನ್ನು ಬಲ್ಲವರು ರಜೆಯಲ್ಲಿ ಊರಿಗೆ ಬಂದಾಗ ಒಂದು ಗಂಟೆ ನಮ್ಮ ತರಗತಿಗೆ ಬಂದು ಮಾತನಾಡಲಿ. ಹಣದ ಕಾಣಿಕೆಗಿಂತ ಅದು ಹೆಚ್ಚು. ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನ ಸಾಮ್ಯವನ್ನು ನಾವೆಲ್ಲರೂ ಇಲ್ಲಿಯೇ ಕಲಿತವರಲ್ಲವೆ?

ಪ್ರಶ್ನೆ ಕೇಳಿದ ಆ ಹುಡುಗಿಗೆ ಕೆಲವು ವಾರಗಳ ತರುವಾಯ ನಾವು ಉತ್ತರವನ್ನು ಹೇಳಿದೆವು. ಅವಳು ತನ್ನ ಹೆಸರಿನ ಅಕ್ಷರಗಳ ಸಂಖ್ಯೆಗಳನ್ನೆಲ್ಲ ಕೇಳಿ ಬರೆದುಕೊಂಡು, ಗುರು ಲಘುಗಳಾಗಿ ಬಿಡಿಸಿ, ನೋಟುಪುಸ್ತಕದ ಮೊದಲ ಪುಟದಲ್ಲಿ ಹೆಸರಿನ ಕೆಳಗೆ ಇಟ್ಟುಕೊಂಡಳು. ಒಂದು ಕಡೆ ತಪ್ಪಿತ್ತು. ಮರುದಿನ ಅವಳೇ ಅದನ್ನು ಹುಡುಕಿ ತಿದ್ದಿಕೊಂಡು ಬಂದು ತೋರಿಸಿದಳು.